ಹುಲ್ಲಿನ ಚಾವಣಿಯೊಳಗಿನ ಪುಸ್ತಕ

ಊಟಿ ಕಡೆಯ ಬೆಟ್ಟದ ನಮ್ಮ ಹಟ್ಟಿಯ ಹಳೆಯ ಮನೆಗಳಲ್ಲಿ ಒಳಮನೆಯ ಒಂದು ಮೂಲೆಗೆ ಹಾಲಿನ ಕೋಣೆ ಇರುತ್ತಿತ್ತು. ಬಾಗಿಲು ತೀರ ಗಿಡ್ಡ. ದೊಡ್ಡವರು ಮಂಡಿಯೂರಿಯೇ ನುಗ್ಗಬೇಕು. ಎಮ್ಮೆಯ ಹಾಲು, ಮೊಸರು, ಬೆಣ್ಣೆ, ಹಾಲು ಕರೆಯುವ ಬಿದಿರಿನ ಪಾತ್ರೆ ಎಲ್ಲ ಅಲ್ಲಿ. ಹೆಂಗಸರು ಅದರ ಹೊಸ್ತಿಲು ದಾಟುವ ಹಾಗಿಲ್ಲ. ಗಂಡುಮಕ್ಕಳಾದರೂ ಚಿಕ್ಕಂದಿನಲ್ಲಿ ಮೊದಲ ಸಲ ಹಾಲು ಕರೆಸುವ ಶಾಸ್ತ್ರ ಮುಗಿದ ಮೇಲೆಯೇ ಒಳಗೆ ಹೋಗಬಹುದು. ದೇವರ ಮನೆಗೂ ಅದಕ್ಕೂ ನಮ್ಮಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಹೆಂಡತಿಯ ಕಣ್ಣಿಗೆ ಬೀಳಬಾರದ ವಸ್ತುವನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಬೇರೊಂದಿಲ್ಲ ಎಂದು ಒಂದು ದಿನ ನನಗೆ ಹೊಳೆಯಿತು. ಆ ಬುದ್ಧಿವಂತಿಕೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಚ್ಚಿಟ್ಟದ್ದು ಹೆಂಡವಲ್ಲ, ಅಫೀಮಲ್ಲ. ಅಂಗೈಯಷ್ಟು ಅಗಲದ ಒಂದು ಕನ್ನಡ ಪುಸ್ತಕ. ಕಿರಸ್ತಾನರ ಪುಸ್ತಕ.

ಮಾತು ನನಗೆ ಹಿರಿಯರಿಂದ ಬಂದದ್ದು. ಅಜ್ಜ ಎಮ್ಮೆ ಕಾಯುತ್ತ ಕಾಯುತ್ತ ಹೇಳಿದ ಕತೆಗಳು, ಮದುವೆಯ ಮಾತು, ಸಾವಿನ ಮನೆಯಲ್ಲಿ ಹೇಳುವ ಮಾತು ಎಲ್ಲವೂ ಹದಿನೈದು ವರ್ಷಕ್ಕೇ ನನ್ನ ನಾಲಗೆಯ ಮೇಲಿದ್ದವು. ಅಕ್ಷರ ಮಾತ್ರ ಕಣಿವೆಯ ಕೆಳಗಿನ ಮಿಷನ್ ಶಾಲೆಯಿಂದ ಬಂತು. ಅಪ್ಪ ನನ್ನನ್ನು ಅಲ್ಲಿಗೆ ಕಳಿಸಿದ್ದು ಕಂದಾಯದ ಕಾಗದ ಓದಲು ಮನೆಗೊಬ್ಬ ಬೇಕು ಎಂದು. ಕಳಿಸುವಾಗಲೇ ಹೇಳಿದ್ದ: "ಅವರ ಅಕ್ಷರ ತಕ್ಕೊ, ಅವರ ದೇವರ ಅಲ್ಲೇ ಬಿಟ್ಟು ಬಾ." ಹಾಗೆಯೇ ಮಾಡಿದೆ. ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ ಆದೆ.

ಇಲ್ಲಿ ಒಂದು ಮಾತು. ನಮ್ಮ ಹಟ್ಟಿಯವರ ಬಾಯಿಮಾತಿಗೂ ಪುಸ್ತಕದ ಕನ್ನಡಕ್ಕೂ ಅಕ್ಕತಂಗಿಯರ ಹೋಲಿಕೆ ಇದೆಯೇ ಹೊರತು ಎರಡೂ ಒಂದೇ ಅಲ್ಲ. ಆಡಿದವರ ಮಾತನ್ನು ಓದುವವರಿಗೆ ತಿಳಿಯುವ ಹಾಗೆ ಅಷ್ಟಿಷ್ಟು ತಿದ್ದಿ ಬರೆದಿದ್ದೇನೆ.

ಆ ವರ್ಷಗಳಲ್ಲಿ ಎಲ್ಲವೂ ಜಾಗ ಬಿಟ್ಟು ಕದಲುತ್ತಿದ್ದವು. ಎಮ್ಮೆ ಮೇಯುತ್ತಿದ್ದ ಗುಡ್ಡಕ್ಕೆ ಸರ್ಕಾರದ ಕಲ್ಲು ನೆಟ್ಟರು. ಮೇವಿಲ್ಲದೆ ಮಂದೆ ಕರಗಿ ಕೊಟ್ಟಿಗೆಯಲ್ಲಿ ನಾಲ್ಕೇ ಎಮ್ಮೆ ಉಳಿದವು. ಸಾಮೆ, ರಾಗಿ ಬೆಳೆದ ಹೊಲಕ್ಕೆ ಆಲೂಗಡ್ಡೆ ಬಂತು. ಕೂನೂರಿನವರೆಗೆ ಬಂದಿದ್ದ ರೈಲನ್ನು ಊಟಿಗೆ ಏರಿಸಲು ಗುಡ್ಡ ಕಡಿಯುತ್ತಿದ್ದರು. ನನ್ನ ತಮ್ಮ ಆ ಕೆಲಸಕ್ಕೆ ಹೋದ. ಹೋದವನು ಜ್ವರ ಹೊತ್ತು ಬಂದ, ಒಂಬತ್ತನೆಯ ದಿನ ತೀರಿಕೊಂಡ. ಇಪ್ಪತ್ತಮೂರು ವರ್ಷದವನು. ಹೆಂಡತಿ ಇದ್ದಳು, ಎರಡು ವರ್ಷದ ಮಗಳಿದ್ದಳು.

ಸಾವಿನ ಮಾತುಗಳನ್ನು ಊರವರಿಗೆಲ್ಲ ಹೇಳುತ್ತಿದ್ದವನು ನಾನು. ತಮ್ಮನಿಗೂ ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ಆದರೆ ಆ ಮಾತುಗಳು ನನ್ನ ಬಾಯಿಂದ ಹೊರಟು ನೇರ ಗುಡ್ಡದ ಆಚೆ ಹೋದವು, ನನ್ನ ಕಡೆ ಒಂದೂ ತಿರುಗಲಿಲ್ಲ. ಮರುದಿನದಿಂದ ನನಗೆ ಊಟ ಸೇರದು, ಯಾರ ಮಾತೂ ಸೇರದು. ಒಂದು ಸಂತೆಯ ದಿನ ಕಣಿವೆಯ ಶಾಲೆಯ ಮುಂದೆ ಹಾಯುತ್ತಿದ್ದಾಗ ಹಳೆಯ ಮೇಷ್ಟ್ರು ಕಂಡು ಕರೆದರು. ಮಂಗಳೂರು ಕಡೆಯವರು, ಆಗಲೇ ಹಲ್ಲುದುರಿದ್ದವು.

"ತಮ್ಮ ಹೋದನಂತೆ?" ಎಂದರು.

"ಹೌದು ಮೇಷ್ಟ್ರೆ."

ಅವರು ಒಳಗೆ ಹೋಗಿ ಆ ಪುಸ್ತಕ ತಂದು ನನ್ನ ಕಂಬಳಿಯ ಮಡಿಕೆಯೊಳಗೆ ತುರುಕಿದರು. "ಜಾತಿ ಬಿಡು ಅನ್ನೋದಿಲ್ಲ. ದಿನಕ್ಕೊಂದು ಪುಟ ಓದು. ಬೇಡ ಅನ್ನಿಸಿದರೆ ತಂದು ಕೊಡು."

ವರ್ಷದ ಒಂದೊಂದು ದಿನಕ್ಕೆ ಒಂದೊಂದು ಪುಟ. ನಾಲ್ಕು ಸಾಲು ಬೋಧೆ, ಎರಡು ಸಾಲು ಪ್ರಾರ್ಥನೆ, ಅಷ್ಟೆ. ಕನ್ನಡವೂ ವಿಚಿತ್ರ, ಯಾರೋ ಬಿಳಿ ದೊರೆ ಅಂಗಿಯ ಮೇಲೆ ಪಂಚೆ ಉಟ್ಟ ಹಾಗೆ. ಮೊದಲ ದಿನ ನಗು ಬಂತು. ಮೂರನೆಯ ದಿನದ ಪುಟದಲ್ಲಿ, ದುಃಖದ ಮನೆಗೆ ದೇವರು ಬರುವಾಗ ಮಾತು ಹೊತ್ತು ಬರುವುದಿಲ್ಲ, ಸುಮ್ಮನೆ ಬಂದು ನೆಲದ ಮೇಲೆ ಕೂತುಕೊಳ್ಳುತ್ತಾನೆ ಎಂಬ ಅರ್ಥದ ಮಾತಿತ್ತು. ಅದನ್ನು ಓದಿ ಕೊಟ್ಟಿಗೆಯ ಗೋಡೆಗೆ ತಲೆ ಕೊಟ್ಟು ಅತ್ತೆ. ಮಾತೇ ಬಂಡವಾಳವಾಗಿದ್ದ ನನಗೆ, ಮಾತಿಲ್ಲದೆ ಪಕ್ಕದಲ್ಲಿ ಕೂರುವವನೊಬ್ಬ ಬೇಕಾಗಿದ್ದ ಎಂದು ಆವರೆಗೆ ಗೊತ್ತಿರಲಿಲ್ಲ. ಆ ದಿನ ಹೊಟ್ಟೆ ತುಂಬ ಉಂಡೆ.

ಅಪ್ಪನಿಗೆ ಮಂಡಿನೋವು ಹೆಚ್ಚಾಗಿ ಬೆಳಗಿನ ಹಾಲಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಮ್ಮೆ ಕರೆದು, ಹಾಲಿನ ಕೋಣೆಯಲ್ಲಿ ಮಂಡಿಯೂರಿ ಪಾತ್ರೆ ಇಟ್ಟು, ಗೋಡೆಯ ಸಣ್ಣ ಕಿಂಡಿಯ ಬೆಳಕಿನಲ್ಲಿ ಒಂದು ಪುಟ ಓದಿ, ಪುಸ್ತಕವನ್ನು ಮೇಲಿನ ಹುಲ್ಲಿನ ಚಾವಣಿಯೊಳಗೆ ಸಿಕ್ಕಿಸಿ ಹೊರಬರುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಬೇರೆಯವರ ದೇವರ ಪುಸ್ತಕವನ್ನು ನಮ್ಮ ಮನೆಯ ಅತಿ ಮಡಿಯ ಜಾಗದಲ್ಲಿ ಇಡುತ್ತಿದ್ದೇನೆ ಎಂಬ ಅಳುಕು ಮೊದಮೊದಲು ಇತ್ತು. ಆಮೇಲೆ ಅದೂ ಹೋಯಿತು.

ಮೂರನೆಯ ವರ್ಷ ಅಪ್ಪ ಮನೆಗೆ ತಗಡು ಹೊದಿಸುವುದೆಂದು ತೀರ್ಮಾನಿಸಿದ. ಒಬ್ಬರ ಮನೆಗೆ ಚಾವಣಿ ಎಂದರೆ ಹಟ್ಟಿಯ ಗಂಡಸರೆಲ್ಲ ಕೈಹಾಕುವುದು ನಮ್ಮ ಪದ್ಧತಿ. ಕೆಲಸ ಮುಂದಿನ ವಾರ ಎಂದುಕೊಂಡಿದ್ದೆ. ಆದರೆ ಮೋಡ ಕಂಡು ಗಾಬರಿಯಾದ ಅಪ್ಪ ಅವತ್ತೇ ಜನ ಕೂಡಿಸಿಬಿಟ್ಟ. ಹೊಲದಿಂದ ನಾನು ಬರುವಷ್ಟರಲ್ಲಿ ನಾಲ್ವರು ಮೇಲೇರಿ ಹುಲ್ಲು ಕಿತ್ತು ಎಸೆಯುತ್ತಿದ್ದರು. ನನ್ನ ಕೈಗೂ ಒಂದು ಸುತ್ತಿಗೆ ಕೊಟ್ಟರು.

ಪಕ್ಕದ ಮನೆಯ ಚಿಕ್ಕಪ್ಪ ಮೇಲಿದ್ದ. ನಮ್ಮ ಹಟ್ಟಿಯಲ್ಲೇ ಬಾಯಿ ನಿಲ್ಲದ ಮನುಷ್ಯ. "ಇಲಿ ಗೂಡು ಇದೆ, ಇಲಿ ಗೂಡು" ಎಂದು ಕೂಗುತ್ತ ಒಂದು ಕಂತೆ ಎಳೆದ. ಹುಲ್ಲಿನ ಜೊತೆ ಪುಸ್ತಕ ಜಾರಿ ಅಂಗಳದ ಮಧ್ಯೆ ಬಿತ್ತು.

"ಓಹೋ! ಅಣ್ಣಾ, ನಿನ್ನ ಮನೆ ಇಲಿ ಇಸ್ಕೂಲಿಗ ಹೋಗುತ್ತಲ್ಲೋ!" ಎಂದ.

ಎಲ್ಲರೂ ನಕ್ಕರು. ಕೆಳಗಿದ್ದವನೊಬ್ಬ ಪುಸ್ತಕ ಎತ್ತಿದ. ಅದರ ಮೇಲೆ ಶಿಲುಬೆಯ ಗುರುತು ಒತ್ತಿತ್ತು. ಅಕ್ಷರ ಬಾರದವರಿಗೂ ಆ ಗುರುತು ಗೊತ್ತು. ನಗು ಒಬ್ಬೊಬ್ಬರಾಗಿ ನಿಂತಿತು. ಅದು ಯಾವ ಕೋಣೆಯ ಮೇಲಿನ ಹುಲ್ಲು ಎಂದು ಎಲ್ಲರೂ ಒಮ್ಮೆ ತಲೆಯೆತ್ತಿ ನೋಡಿದರು.

"ಯಾರದ?" ಎಂದ ಅಪ್ಪ. ಅಷ್ಟೇ ಮಾತು.

ನಾನು ಬಾಯಿ ತೆರೆಯಬಹುದಿತ್ತು. ಒಂದೇ ಒಂದು ಮಾತು, ನನ್ನದು ಎಂದು. ಆದರೆ ಹಾಗೆಂದವರ ಗತಿ ನಾನು ಕಂಡಿದ್ದೆ. ಪಕ್ಕದ ಹಟ್ಟಿಯಲ್ಲಿ ಕಿರಸ್ತಾನನಾದವನೊಬ್ಬ ಹೆಂಡತಿ ಮಕ್ಕಳನ್ನೂ, ಊರ ನೀರನ್ನೂ, ಹೊಲವನ್ನೂ ಬಿಟ್ಟು ಮಿಷನ್ನಿನ ಕಾಂಪೌಂಡು ಸೇರಿದ್ದ. ಅವನು ಬೇರೆ ಯಾರೂ ಅಲ್ಲ, ನನ್ನ ತಮ್ಮನ ಹೆಂಡತಿಯ ಒಡಹುಟ್ಟಿದ ಅಣ್ಣ.

ಆ ಕ್ಷಣದಲ್ಲಿ ಚಿಕ್ಕಪ್ಪನಿಗೂ ಅದೇ ನೆನಪಾಯಿತು. "ನಿನ್ನ ಕಿರಿ ಸೊಸೆಯ ಅಣ್ಣ ಹೋದ ವಾರ ಬೇಲಿಯತ್ತರ ಬಂದು ನಿಂತಿದ್ದ. ಕಿತ್ತಳೆ ಕೊಟ್ಟ. ನಾ ಕಂಡೆ. ಕಿತ್ತಳೆಯೊಂದಿಗೆ ಇದನ್ನೂ ಕೊಟ್ಟಾನು."

"ಒಳಗ ಇಟ್ಟರೆ ಮನೇನೇ ಆ ಕಡೆ ತಿರುಗುತ್ತೆ ಅಂತಾರೆ" ಎಂದ ಇನ್ನೊಬ್ಬ. ಪುಸ್ತಕ ತಾನಾಗಿಯೇ ಕೆಲಸ ಮಾಡುವ ಮದ್ದು ಎಂದು ಆಗ ನಮ್ಮವರು ನಂಬಿದ್ದರು. ಅದನ್ನು ಇಡಲು ಓದು ಬೇಕಾಗಿಲ್ಲ.

ಅವಳನ್ನು ಕರೆದರು. ಗೋಡೆಗೆ ಮೆತ್ತಲು ಕಲೆಸುತ್ತಿದ್ದ ಮಣ್ಣು ಮೊಣಕೈವರೆಗೂ ಇತ್ತು. ವಿಷಯ ಹೇಳಿದಾಗ ಮೊದಲು ತಮಾಷೆ ಎಂದುಕೊಂಡಳು. ಆಮೇಲೆ, "ನಾ ಆ ಹೊಸ್ತಿಲ ತುಳಿದವಳಲ್ಲ ಮಾವ. ನನ್ನ ಮಗು ಮೇಲೆ ಆಣೆ" ಎಂದು ಅಪ್ಪನಿಗೆ ಹೇಳಿದಳು. ಹೇಳಿ ನನ್ನ ಕಡೆ ನೋಡಿದಳು. ಬಾಯಿ ಇರುವ ಮನುಷ್ಯ, ಊರಿಗೆಲ್ಲ ಮಾತು ಹೇಳುವ ಮನುಷ್ಯ, ತನ್ನ ಪರವಾಗಿ ಏನಾದರೂ ಹೇಳಿಯಾನು ಎಂದು ನೋಡಿದಳು ಎಂದೇ ನಾನು ಅಂದುಕೊಂಡೆ. ನಾನು ಕೈಯಲ್ಲಿದ್ದ ಸುತ್ತಿಗೆಯಿಂದ ತಗಡು ಬಡಿಯತೊಡಗಿದೆ.

ಸಂಜೆಗೆ ಮೊದಲು ಹಿರಿಯರು ಕಲ್ಲಿನ ಜಗಲಿಯಲ್ಲಿ ಕೂತು ಮಾತು ಮುಗಿಸಿದರು. ಪುಸ್ತಕ ಸುಡುವುದು ಬೇಡ, ಯಾರ ದೇವರಾದರೂ ದೇವರ ಹೆಸರು ಅದರಲ್ಲಿದೆ, ಹಳ್ಳಕ್ಕೆ ಬಿಡಿ ಎಂದರು ಊರ ಗೌಡರು. ಪುಸ್ತಕಕ್ಕೆ ತೋರಿಸಿದ ಆ ಮರ್ಯಾದೆ ಅವಳಿಗೆ ಸಿಗಲಿಲ್ಲ. ಅವಳು ತವರು ಹಟ್ಟಿಗೆ ಹೋಗಬೇಕು, ಮತ್ತೆ ಇತ್ತ ಬರಬಾರದು. ಮಗು ತಂದೆಯ ಮನೆಯದು. ನಮ್ಮಲ್ಲಿ ಅದೇ ಕಟ್ಟಳೆ. ಅದು ಇಲ್ಲೇ ಇರಬೇಕು. ಅವಳು ಹೋಗುವಾಗ ನಾಲ್ಕು ವರ್ಷದ ಆ ಮಗುವನ್ನು ಎತ್ತಿ ಹಿಡಿದುಕೊಂಡಿದ್ದವನು ನಾನು. ಅದರ ಕಾಲು ನನ್ನ ಹೊಟ್ಟೆಗೆ ಒದೆಯುತ್ತಿತ್ತು. ಚೆನ್ನಾಗಿ ಒದೆಯಿತು.

ಇದಕ್ಕಿಂತಲೂ ಹೇಳಲು ಕಷ್ಟವಾದದ್ದು ಒಂದಿದೆ. ಅದೇ ತಿಂಗಳು, ಹದಿನೆಂಟು ದಿನವೋ ಇಪ್ಪತ್ತು ದಿನವೋ ಕಳೆದ ಮೇಲೆ, ನಾನು ಮತ್ತೆ ಕಣಿವೆಗಿಳಿದು ಮೇಷ್ಟ್ರ ಮುಂದೆ ನಿಂತೆ. ಪುಸ್ತಕ ನೀರುಪಾಲಾಯಿತು ಎಂದೆ. ಹೇಗೆ ಎಂದು ಹೇಳಲಿಲ್ಲ. ಅವರು ಇನ್ನೊಂದು ಕೊಟ್ಟರು. ಈ ಸಲ ಮನೆಯಲ್ಲಿ ಇಡಲಿಲ್ಲ. ಆಲೂಗಡ್ಡೆ ಹೊಲದ ಕಲ್ಲುಗೋಡೆಯಲ್ಲಿ ಒಂದು ಸಂದು ಹುಡುಕಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟೆ. ಮತ್ತೆ ದಿನಕ್ಕೊಂದು ಪುಟ. ಹೇಳಲು ನಾಚಿಕೆಯಾಗುತ್ತದೆ, ಸಮಾಧಾನವೂ ಮೊದಲಿನ ಹಾಗೆಯೇ ಸಿಗುತ್ತಿತ್ತು. ಓದಿದ ಮೇಲೆ ಎದೆ ಹಗುರವಾಗುತ್ತಿತ್ತು. ಹಗುರವಾಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಒಂದು ಪುಟ ಮಾತ್ರ ಓದುತ್ತಿರಲಿಲ್ಲ. ಕಾರ್ತಿಕದ ಸುಮಾರಿಗೆ ಬರುವ ದಿನ ಅದು. ಮಾಡಿದ್ದನ್ನು ದೇವರಿಗೆ ಹೇಳಿ ಮನುಷ್ಯನಿಗೆ ಹೇಳದೆ ಉಳಿಸಿಕೊಂಡವನ ವಿಷಯ. ಅವಳು ಹೋದ ಮೊದಲ ವರ್ಷ ಓದಿದೆ. ಮರುವರ್ಷ ಆ ದಿನ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಆಮೇಲೆ ಪ್ರತಿ ವರ್ಷವೂ ಬೆರಳು ತಾನಾಗಿಯೇ ಎರಡು ಹಾಳೆ ಮಗುಚುತ್ತಿತ್ತು.

ಅಪ್ಪ ಏನೂ ಕೇಳಲಿಲ್ಲ. ಆದರೆ ತಗಡು ಹೊದಿಸಿದ ಮರುದಿನದಿಂದ ಹಾಲಿನ ಕೆಲಸವನ್ನು ತಾನೇ ಮಾಡತೊಡಗಿದ. "ನಿನಗೆ ಹೊಲದ ಕೆಲಸ ಹೆಚ್ಚು" ಎಂದ. ಆ ಮಂಡಿ ಇಟ್ಟುಕೊಂಡು, ಆ ಗಿಡ್ಡ ಬಾಗಿಲಲ್ಲಿ ನರಳುತ್ತ ತೆವಳುತ್ತಿದ್ದ. ಸಾಯುವವರೆಗೂ ಮತ್ತೊಮ್ಮೆ ನನ್ನನ್ನು ಆ ಕೋಣೆಗೆ ಕಳಿಸಲಿಲ್ಲ. ಮನೆಯಲ್ಲಿ ಓದು ಬಲ್ಲವರು ಎಷ್ಟು ಜನ ಎಂದು ಅಪ್ಪನಿಗೂ ಗೊತ್ತಿತ್ತು. ಮಗನನ್ನು ಕಳೆದುಕೊಳ್ಳುವುದೋ ಸೊಸೆಯನ್ನು ಕಳೆದುಕೊಳ್ಳುವುದೋ ಎಂಬಲ್ಲಿ ಅಪ್ಪ ಆರಿಸಿಕೊಂಡಿದ್ದ. ಒಬ್ಬ ಮಗ ಆಗಲೇ ಹೋಗಿದ್ದನಲ್ಲ.

ಹುಡುಗಿ ನಮ್ಮ ಮಕ್ಕಳ ಜೊತೆಯೇ ಬೆಳೆದಳು. ನಾನು ಅವಳಿಗೆ ಅಕ್ಷರ ಕಲಿಸಿದೆ. ಹೆಣ್ಣುಮಗುವಿಗೆ ಓದು ಏಕೆ ಎಂದು ನನ್ನ ಹೆಂಡತಿ ಗೊಣಗಿದಳು. ನನ್ನ ಮಕ್ಕಳಿಗೆ ಕಲಿಸಿದ್ದಕ್ಕಿಂತ ಹೆಚ್ಚು ತಾಳ್ಮೆಯಿಂದ ಕಲಿಸಿದೆ. ಸೀಮೆಎಣ್ಣೆಯ ಡಬ್ಬಿಯ ಮೇಲಿನ ಅಕ್ಷರವನ್ನೂ ಬಿಡದೆ ಕೂಡಿಸಿ ಓದುತ್ತಿದ್ದಳು. ಅದನ್ನು ಕೇಳಿ ನನಗೆ ಏನೋ ತೀರಿಸುತ್ತಿದ್ದೇನೆ ಎನ್ನಿಸುತ್ತಿತ್ತು.

ಅವಳಿಗೆ ಹದಿನಾಲ್ಕಾದಾಗ ಒಂದು ಸಂಬಂಧ ಕೇಳಿ ಬಂತು, ಬಂದಷ್ಟೇ ಬೇಗ ಹಿಂದೆ ಹೋಯಿತು. ಹಾಲಿನ ಕೋಣೆ ಕೆಡಿಸಿದವಳ ಮಗಳು ನಮಗೆ ಬೇಡ ಎಂದರಂತೆ. ಚಿಕ್ಕಪ್ಪ ಆ ಮಾತನ್ನು ನಮ್ಮ ಅಂಗಳದಲ್ಲೇ ನಿಂತು, ಅವಳಿಗೆ ಕೇಳಿಸುವ ಹಾಗೆಯೇ ಹೇಳಿಹೋದ. ಅವಳು ಬಟಾಣಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ದೊಡ್ಡಪ್ಪ, ಅವ್ವೆಗೆ ಓದೂಕೆ ಬರುತ್ತಿತ್ತಾ?"

"ಇಲ್ಲ."

"ಮತ್ತೆ ಅವಳು ಎಂತಕ್ಕೆ ಪುಸ್ತಕ ಇಟ್ಟುಕೊಂಡಳು?"

"ಅವಳ ಅಣ್ಣ ಕೊಟ್ಟ ಅಂತಾರೆ."

"ಕೊಟ್ಟರೆ ಓದೂಕೆ ಬರೋರಿಗೆ ಅಲ್ಲವಾ ಕೊಡೋದು?"

ಎಮ್ಮೆ ನೋಡಿ ಬರುತ್ತೇನೆ ಎಂದು ನಾನು ಎದ್ದು ಹೋದೆ. ನಮ್ಮ ಮನೆಯಲ್ಲಿ ಆಗ ಒಂದು ಎಮ್ಮೆಯೂ ಇರಲಿಲ್ಲ. ಕೊನೆಯದನ್ನು ಕೊಟ್ಟು ಎರಡು ವರ್ಷವಾಗಿತ್ತು.

ಮಾರನೆಯ ದಿನ ಬೆಳಗ್ಗೆ ಗೋಡೆಯ ಸಂದಿನಿಂದ ಪುಸ್ತಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ತಾಯಿಯ ತವರು ಹಟ್ಟಿಗೆ ನಡೆದೆ. ಮನೆಯ ಮುಂದೆ ಬೀನ್ಸ್ ಬಳ್ಳಿಗೆ ಕೋಲು ನೆಡುತ್ತಿದ್ದಳು. ಹತ್ತು ವರ್ಷದಲ್ಲಿ ಒಣಗಿದ್ದಳು. ಎಸ್ಟೇಟಿಗೆ ಟೀ ಎಲೆ ಕೀಳಲು ಹೋಗಿ ಬೆರಳೆಲ್ಲ ಕಪ್ಪಾಗಿತ್ತು. ನನ್ನನ್ನು ಕಂಡವಳೇ ಕೇಳಿದ್ದು, "ಮಗು ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ. ಅಮ್ಮಾ, ನಾನೊಂದು ಮಾತು ಹೇಳಬೇಕು. ಆ ಪುಸ್ತಕ..."

"ನಿಮ್ಮದು."

"ಯಾವಾಗ ಗೊತ್ತಾಯಿತು?"

"ಅವತ್ತೇ. ತಗಡ ಬಡೀತಿದ್ದಿರಿ ಭಾವ. ಮೊಳೆ ಇಲ್ಲದ ಕಡೆ ಬಡೀತಿದ್ದಿರಿ." ಒಂದು ಕೋಲು ನೆಟ್ಟು ಕಾಲಿಂದ ಮಣ್ಣು ಒತ್ತಿದಳು. "ಹೇಳುತ್ತೀರಿ ಅಂತ ನೋಡಿದೆ. ಇವತ್ತು ಹೇಳಲಿಲ್ಲ, ನಾಳೆ ಹೇಳ್ಯಾರು. ಮಗು ಅಳೂದ ಕಂಡರೆ ಹೇಳ್ಯಾರು. ಹಾಗಂತ ಮೊದಲ ವರ್ಷ ದಿನಾ ದಾರಿ ಕಡೆ ನೋಡಿದೆ. ಎಂತ ಇತ್ತು ಅದರಲ್ಲಿ? ಅಷ್ಟು ದೊಡ್ಡದು ಎಂತ ಇತ್ತು? ನನಗೆ ಒಬ್ಬರೂ ಹೇಳಲಿಲ್ಲ."

ನಾನು ಸೊಂಟದಿಂದ ಪುಸ್ತಕ ತೆಗೆದೆ.

"ಅದನ್ನ ಹಳ್ಳಕ್ಕೆ ಬಿಟ್ಟರಲ್ಲ?"

"ಇದು ಬೇರೆ. ಆಮೇಲೆ ತಂದದ್ದು."

"ಯಾವಾಗ ತಂದಿರಿ?"

ಸುಳ್ಳು ಹೇಳುವ ಮನಸ್ಸಾಯಿತು. ಆ ಗಳಿಗೆಯಲ್ಲೂ ಆಯಿತು. "ನೀನು ಹೋದ ತಿಂಗಳೇ" ಎಂದೆ.

ಅವಳು ನಕ್ಕಳು. ಕೈಯಲ್ಲಿದ್ದ ಕೋಲುಗಳನ್ನು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ನಿಜವಾಗಿ ನಗು ಬಂದವಳ ಹಾಗೆಯೇ ನಕ್ಕಳು. ಒಳಗಿನಿಂದ ಯಾರೋ ಇಣುಕಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿ ಕೇಳಿದಳು: "ನಿಮಗೆ ಅದೇ ತಿಂಗಳು ಇನ್ನೊಂದು ಪುಸ್ತಕ ಸಿಕ್ಕಿತು. ನನಗೆ ಇನ್ನೊಬ್ಬ ಮಗಳು ಎಲ್ಲಿ ಸಿಗುತ್ತಿದ್ದಳು ಭಾವ?"

ನಾನು ಪುಸ್ತಕವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋದೆ.

"ಓದಿ" ಎಂದಳು.

ಮೂರನೆಯ ದಿನದ ಆ ಪುಟವನ್ನೇ ಓದಿದೆ, ದೇವರು ಬಂದು ಸುಮ್ಮನೆ ನೆಲದ ಮೇಲೆ ಕೂರುವುದು. ಎರಡು ಸಲ ಸಾಲು ತಪ್ಪಿ ಮೊದಲಿಂದ ಓದಿದೆ. ಅವಳು ಬಳ್ಳಿಯ ತುದಿಯನ್ನು ಕೋಲಿಗೆ ಸುತ್ತುತ್ತ ಕೇಳಿದಳು.

"ಒಳ್ಳೆಯ ಮಾತೇ. ನನ್ನ ಅಣ್ಣನೂ ಹೀಗೇ ಎಂತದೋ ಹೇಳುತ್ತಿದ್ದ. ಗಂಡ ಸತ್ತಾಗ ನನಗೂ ಯಾರಾದರೂ ಓದಿ ಹೇಳಿದ್ದರೆ ಆಗುತ್ತಿತ್ತು. ಒಂದೇ ಮನೇಲಿದ್ದೆವಲ್ಲ."

ಇದು ಆವರೆಗೆ ನನಗೆ ಹೊಳೆದೇ ಇರಲಿಲ್ಲ. ತಮ್ಮ ಸತ್ತನೆಂದು ನಾನು ಕೋಣೆಯೊಳಗೆ ಕೂತು ಓದಿ ಸಮಾಧಾನಪಟ್ಟುಕೊಂಡಿದ್ದೆ. ಗೋಡೆಯ ಆಚೆ ಅವನ ಹೆಂಡತಿ ರಾಗಿ ಬೀಸುತ್ತಿದ್ದಳು. ಆ ಸದ್ದು ಕೇಳುತ್ತಲೇ ಓದುತ್ತಿದ್ದೆ.

"ನನ್ನ ಹತ್ತಿರ ಹೇಳಿದ್ದು ಸಾಲದು" ಎಂದಳು. "ಅವತ್ತು ಎಲ್ಲಿ ಸುಮ್ಮನಿದ್ದಿರೋ ಅಲ್ಲಿ ಹೇಳಿ."

ಮುಂದಿನ ಸೋಮವಾರ ಹಿರಿಯರು ಕಲ್ಲಿನ ಜಗಲಿಗೆ ಬಂದಾಗ ಹೇಳಿದೆ. ಸಾವಿರ ಸಲ ಮಾತಾಡಿದ ಜಾಗ ಅದು. ನಾಲ್ಕು ಮಾತು ಹೊರಡಿಸಲು ನನ್ನ ಅಂಗಿ ಒದ್ದೆಯಾಯಿತು. ಗೌಡರು ತಲೆ ಬಗ್ಗಿಸಿ ಕೇಳಿಸಿಕೊಂಡರು.

"ಆ ಕಡೆಗೆ ಸೇರಿದ್ದೀಯಾ?" ಎಂದು ಗೌಡರು ಕೇಳಿದರು.

"ಇಲ್ಲ ಗೌಡರೆ. ಓದುತ್ತೇನೆ."

"ಓದುತ್ತೀಯ, ಸೇರಲಿಲ್ಲ. ಹಾಗಾದರೆ ನೀ ಯಾರವ?"

ಅದನ್ನು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ನನಗೆ ಶಿಕ್ಷೆಯಾಯಿತು: ಇನ್ನು ಮುಂದೆ ಮದುವೆಯಲ್ಲಾಗಲಿ ಸಾವಿನಲ್ಲಾಗಲಿ ಊರ ಪರವಾಗಿ ನಾನು ಮಾತು ಹೇಳುವ ಹಾಗಿಲ್ಲ. ಅಜ್ಜ ಕೊಟ್ಟದ್ದು ಅಲ್ಲಿಗೆ ಮುಗಿಯಿತು. ಅವಳ ಮೇಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಮಗಳು ಬಯಸಿದರೆ ತಾಯಿಯ ಜೊತೆ ಹೋಗಿ ಇರಬಹುದು ಎಂದರು.

ಹುಡುಗಿಗೆ ನಾನೇ ಹೇಳಿದೆ. ಅವಳು ಬೈಯಲಿಲ್ಲ. ಸಂಜೆಯವರೆಗೆ ನನ್ನತ್ತ ಸುಳಿಯಲಿಲ್ಲ. ಆಮೇಲೆ ಬಂದು, "ನನಗೆ ಅಕ್ಷರ ಕಲಿಸಿದ್ದು ಇದಕ್ಕಾ ದೊಡ್ಡಪ್ಪ?" ಎಂದಳು. ನಾನು ಹೌದು ಎಂದೆ. ತನ್ನ ಎರಡು ಸೀರೆಯನ್ನು ಗಂಟು ಕಟ್ಟತೊಡಗಿದಳು.

ತಾಯಿ ಕರೆದೊಯ್ಯಲು ಬಂದಳು. ನನ್ನ ಹೆಂಡತಿ ಎಷ್ಟು ಕರೆದರೂ ಮನೆಯೊಳಗೆ ಬರಲಿಲ್ಲ. ಅಂಗಳದ ಅಂಚಿನಲ್ಲಿ ನಿಂತೇ ಇದ್ದಳು. ಹುಡುಗಿ ಗಂಟು ಹಿಡಿದು ಹೊರಬಂದಳು. ತಾಯಿ ಕೈ ಚಾಚಿದಳು. ನಾಲ್ಕು ವರ್ಷದ ಮಗುವಿಗೆ ಚಾಚುವ ಹಾಗೆ, ಅಷ್ಟು ತಗ್ಗಿಗೆ ಚಾಚಿದಳು. ಹುಡುಗಿ ಅವಳಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಳು. ಆ ಕೈಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ತಾಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇಬ್ಬರೂ ಆಲೂಗಡ್ಡೆ ಹೊಲದ ದಾರಿಯಲ್ಲಿ ಒಂದು ಮಾರು ಅಂತರ ಬಿಟ್ಟು ನಡೆದರು. ತಿರುವಿನಲ್ಲಿ ಮರೆಯಾಗುವವರೆಗೂ ಆ ಅಂತರ ಹಾಗೆಯೇ ಇತ್ತು. ನಾನು ನೋಡುತ್ತಲೇ ನಿಂತಿದ್ದೆ.